ಶೀಟ್ ಸಾಕಾ, ಆಪ್ ಬೇಕಾ?

ಈ ವಾರದ ವಿಷಯ ನಾನು ಆರಿಸಿದ್ದಲ್ಲ, ನೀವೇ ಆರಿಸಿದ್ದು. ಎರಡು ತಿಂಗಳಿಂದ ಬರ್ತಿರೋ ಮೆಸೇಜುಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ವೇಷ ಹಾಕ್ಕೊಂಡು ಬರ್ತಾನೇ ಇದೆ. "ನಮ್ಮ ಲೆಕ್ಕ ಎಲ್ಲಾ ಗೂಗಲ್ ಶೀಟ್‌ನಲ್ಲಿದೆ, ಈಗ ಕೈಮೀರ್ತಿದೆ. ಏರ್‌ಟೇಬಲ್ ಥರದ್ದಕ್ಕೆ ಹೋಗ್ಲಾ, ಇಲ್ಲಾ ಆಪ್‌ಶೀಟ್‌ನಲ್ಲೋ ಝೋಹೋ ಕ್ರಿಯೇಟರ್‌ನಲ್ಲೋ ಒಂದು ಆಪ್ ಮಾಡಿಬಿಡ್ಲಾ?" ಕೇಳಿದವರಲ್ಲಿ ಪಿಜಿ ನಡೆಸೋರಿದ್ದಾರೆ, ಟ್ಯೂಷನ್ ಹೇಳಿಕೊಡೋರಿದ್ದಾರೆ, ಕ್ರಿಕೆಟ್ ಟೂರ್ನಮೆಂಟ್ ಮಾಡೋರಿದ್ದಾರೆ, ರಕ್ತದಾನಿಗಳ ಪಟ್ಟಿ ಇಟ್ಕೊಂಡಿರೋ ಹುಡುಗರೂ ಇದ್ದಾರೆ. ಆ ಕೊನೆಯವರ ಕಥೆಯನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಅಲ್ಲಿ ತಪ್ಪಾದ್ರೆ ಹೋಗೋದು ದುಡ್ಡಲ್ಲ, ಸಮಯ. ರಾತ್ರಿ ಎರಡು ಗಂಟೆಯ ಸಮಯ.

ಮೊದಲು ಈ ಎರಡು ಜಾತಿಯ ಟೂಲ್ ಅಂದ್ರೆ ಏನು ಅಂತ ಬೇಗ ಹೇಳ್ಬಿಡ್ತೀನಿ. ಒಂದು, ಶೀಟ್ ಥರ ಕಾಣೋ ಡೇಟಾಬೇಸ್. ಏರ್‌ಟೇಬಲ್, ನೋಕೋಡಿಬಿ, ಬೇಸ್‌ರೋ, ಗ್ರಿಸ್ಟ್ ಇವೆಲ್ಲ ಆ ಕಡೆಯವು. ತೆರೆದ್ರೆ ಸಾಲು, ಕಾಲಂ ಕಾಣುತ್ತೆ, ನಮ್ಮ ಎಕ್ಸೆಲ್ ಥರಾನೇ. ಆದ್ರೆ ಒಳಗಿರೋದು ಡೇಟಾಬೇಸ್. ಇನ್ನೊಂದು, ಲೋ-ಕೋಡ್ ಆಪ್ ಬಿಲ್ಡರ್. ಗೂಗಲ್‌ನ ಆಪ್‌ಶೀಟ್, ಮೈಕ್ರೋಸಾಫ್ಟ್‌ನ ಪವರ್ ಆಪ್ಸ್, ನಮ್ಮ ಪಕ್ಕದ ಚೆನ್ನೈನ ಝೋಹೋದವರು 2006ರಲ್ಲೇ ತಂದ ಝೋಹೋ ಕ್ರಿಯೇಟರ್. ಇಲ್ಲಿ ನೀವು ಪರದೆ ಕಟ್ತೀರಿ. ಬಟನ್ ಎಲ್ಲಿ, ಫಾರ್ಮ್ ಎಲ್ಲಿ, ಯಾರು ಲಾಗಿನ್ ಆದ್ರೆ ಏನು ಕಾಣಬೇಕು, ಅದನ್ನೆಲ್ಲ ನೀವೇ ತೀರ್ಮಾನ ಮಾಡ್ತೀರಿ. ಕೋಡ್ ಬರೆಯೋದು ಕಡಿಮೆ, ಎಷ್ಟೋ ಸಲ ಇಲ್ಲವೇ ಇಲ್ಲ. ಡೇಟಾ ಮಾತ್ರ ಹಿಂದೆ ಎಲ್ಲೋ ಒಂದು ಕಡೆ ಇರಬೇಕು. ಆಪ್‌ಶೀಟ್ ಆದ್ರೆ ನಿಮ್ಮ ಗೂಗಲ್ ಶೀಟ್‌ನಲ್ಲೇ ಇರಬಹುದು.

ಇಷ್ಟು ಗೊತ್ತಾದ ತಕ್ಷಣ ಯೂಟ್ಯೂಬ್‌ಗೆ ಹೋಗಿ ಯಾವುದು ಚೆನ್ನಾಗಿದೆ ಅನ್ನೋ ಹೋಲಿಕೆ ವಿಡಿಯೋ ನೋಡೋಕೆ ಶುರು ಮಾಡ್ತೀವಿ. ಆ ವಿಡಿಯೋಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಅವು ಟೂಲ್ ತೋರಿಸ್ತವೆ, ನಿಮ್ಮ ಪಟ್ಟಿ ನೋಡಲ್ಲ.

ಶೀಟ್ ಯಾಕೆ ಕೈಕೊಡುತ್ತೆ ಅನ್ನೋದರಿಂದ ಶುರು ಮಾಡೋಣ. 1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ವಿಸಿಕ್ಯಾಲ್ಕ್ ತಂದರು. ಮನೆ ಕಂಪ್ಯೂಟರ್‌ಗೆ ಬಂದ ಮೊದಲ ಸ್ಪ್ರೆಡ್‌ಶೀಟ್ ಅದು. ಅದರ ಹೆಸರಲ್ಲೇ ಕ್ಯಾಲ್ಕುಲೇಟರ್ ಇದೆ. ಅಂದ್ರೆ ಶೀಟ್ ಹುಟ್ಟಿದ್ದು ಲೆಕ್ಕ ಹಾಕೋಕೆ. ಒಂದು ಅಂಕಿ ಬದಲಿಸಿದ್ರೆ ಉಳಿದದ್ದು ತಾನೇ ಬದಲಾಗಬೇಕು, ಅಷ್ಟೇ ಅದರ ಕೆಲಸ. ಪಟ್ಟಿ ಇಡೋ ಕೆಲಸ ಆಮೇಲೆ ನಾವು ಅದರ ತಲೆಗೆ ಕಟ್ಟಿದ್ದು. ಶೀಟ್ ಅಂದ್ರೆ ಸ್ಲೇಟು, ಎಲ್ಲಿ ಬೇಕಾದ್ರೂ ಏನು ಬೇಕಾದ್ರೂ ಬರೀಬಹುದು. ಡೇಟಾಬೇಸ್ ಅಂದ್ರೆ ಶಾಲೆಯ ಹಾಜರಿ ಪುಸ್ತಕ. ಗೆರೆ ಮೊದಲೇ ಎಳೆದಿರುತ್ತೆ, ಹೆಸರಿನ ಜಾಗದಲ್ಲಿ ಹೆಸರು, ತಾರೀಖಿನ ಜಾಗದಲ್ಲಿ ತಾರೀಖು. ಆ ಥರ ಡೇಟಾವನ್ನ ಟೇಬಲ್‌ಗಳಾಗಿ ಒಡೆದು, ಒಂದಕ್ಕೊಂದು ಸಂಬಂಧ ಕಟ್ಟೋ ವಿಚಾರವನ್ನ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲೇ ಬರೆದಿದ್ರು. ಇವತ್ತಿಗೂ ಬ್ಯಾಂಕುಗಳು, ರೈಲ್ವೆ ಬುಕಿಂಗ್‌ನಂಥ ವ್ಯವಸ್ಥೆಗಳು ಹೆಚ್ಚಾಗಿ ಅದೇ ವಿಚಾರದ ಮೇಲೆ ನಡೀತಿವೆ.

ಸ್ಲೇಟನ್ನ ರಿಜಿಸ್ಟರ್ ಮಾಡ್ಕೊಂಡ್ರೆ ಏನಾಗುತ್ತೆ ಅಂತ ಇಂಗ್ಲೆಂಡ್‌ನವರು 2020ರ ಅಕ್ಟೋಬರ್‌ನಲ್ಲಿ ನೋಡಿದ್ರು. ಕೋವಿಡ್ ಜೋರಾಗಿದ್ದ ಕಾಲ. ಲ್ಯಾಬ್‌ಗಳಿಂದ ಬಂದ ಫಲಿತಾಂಶಗಳನ್ನ ಅಲ್ಲಿನ ಆರೋಗ್ಯ ಸಂಸ್ಥೆ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಎಕ್ಸೆಲ್‌ನ ಹಳೇ ಮಾದರಿಯ ಫೈಲಿಗೆ ತುಂಬಿಸ್ತಿತ್ತು. ಆ ಹಳೇ ಮಾದರಿಯಲ್ಲಿ ಸಾಲುಗಳ ಮಿತಿ 65,536. ಅದಕ್ಕಿಂತ ಹೆಚ್ಚು ಬಂದದ್ದು ಸುಮ್ಮನೆ ಬಿಟ್ಟುಹೋಯ್ತು. ಹೀಗೆ 15,841 ಪಾಸಿಟಿವ್ ಕೇಸ್‌ಗಳು ಲೆಕ್ಕಕ್ಕೆ ಸಿಗದೆ ಉಳಿದವು. ಅವರಿಗೆ ಪಾಸಿಟಿವ್ ಅಂತ ತಿಳಿಸಿಯಾಗಿತ್ತು, ಆದ್ರೆ ಅವರ ಸಂಪರ್ಕಕ್ಕೆ ಬಂದವರನ್ನ ಹುಡುಕೋ ಕೆಲಸ ದಿನಗಟ್ಟಲೆ ತಡವಾಯ್ತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾಗಿದೆ.

ನಮ್ಮ ಅಳತೆಯಲ್ಲಿ ನೋಡೋದಾದ್ರೆ ಶೀಟ್ ಮಾಡೋ ಅತಿ ಬುದ್ಧಿವಂತಿಕೆ ದೊಡ್ಡ ತಲೆನೋವು. ಕರಾವಳಿ ಕಡೆ ಮನೆ ನಂಬರ್ 2-15 ಅಂತ ಇರುತ್ತಲ್ಲ, ಅದನ್ನ ಶೀಟ್‌ಗೆ ಹಾಕಿ ನೋಡಿ, ತಾರೀಖು ಮಾಡಿಬಿಡುತ್ತೆ. ಫೋನ್ ನಂಬರ್‌ನ ಮುಂದಿನ ಸೊನ್ನೆ ನುಂಗುತ್ತೆ. ವಿಜ್ಞಾನಿಗಳಿಗೂ ಇದೇ ಗೋಳು. ಮಾರ್ಚ್1, ಸೆಪ್ಟ್1 ಅಂತ ಕೆಲವು ಮಾನವ ಜೀನ್‌ಗಳ ಹೆಸರಿದ್ದವು, ಎಕ್ಸೆಲ್ ಅವನ್ನೆಲ್ಲ ತಾರೀಖು ಮಾಡ್ತಿತ್ತು. ಕೊನೆಗೆ 2020ರ ಹೊತ್ತಿಗೆ ಜೀನ್‌ಗಳಿಗೆ ಹೆಸರಿಡೋ ಸಮಿತಿ ಆ ಜೀನ್‌ಗಳ ಹೆಸರನ್ನೇ ಬದಲಿಸಿಬಿಡ್ತು. ಆಗ ಎಕ್ಸೆಲ್ ಬದಲಾಗಲಿಲ್ಲ, ಜೀನ್ ಹೆಸರು ಬದಲಾಯ್ತು!

ಈಗ ರಕ್ತದಾನಿಗಳ ಪಟ್ಟಿಗೆ ಬರೋಣ. ಒಂದು ಜಿಲ್ಲಾ ಕೇಂದ್ರದ ಹುಡುಗ ಹುಡುಗಿಯರ ಗುಂಪು, ಊರು ಹೆಸರು ಬೇಡ. ಕಾಲೇಜು ದಿನಗಳಿಂದ ನಡೆಸ್ಕೊಂಡು ಬಂದಿದ್ದಾರೆ. ಪಟ್ಟಿಯಲ್ಲಿ ಸುಮಾರು 1,300 ದಾನಿಗಳು. ಆಸ್ಪತ್ರೆಯಿಂದ ಯಾರಾದ್ರೂ ಫೋನ್ ಮಾಡಿ "ಓ ನೆಗೆಟಿವ್ ಬೇಕಾಗಿತ್ತು" ಅಂದ್ರೆ ಶೀಟ್ ತೆರೆದು ಹುಡುಕಿ, ಒಬ್ಬೊಬ್ಬರಿಗೇ ಕರೆ ಮಾಡ್ತಾರೆ. ಒಳ್ಳೇ ಕೆಲಸ. ನನ್ನನ್ನ ಕರೆದಿದ್ದು ಒಂದು ರಾದ್ಧಾಂತ ಆದ ಮೇಲೆ. ಗುಂಪಿನವರೊಬ್ಬರು ಲ್ಯಾಪ್‌ಟಾಪ್‌ನಲ್ಲಿ ಹೆಸರಿನ ಕಾಲಂ ಒಂದನ್ನೇ ಆಯ್ಕೆ ಮಾಡಿ ಅಕಾರಾದಿಗೆ ಜೋಡಿಸಿದ್ರು. ಹೆಸರುಗಳು ಸಾಲಾಗಿ ನಿಂತವು. ಫೋನ್ ನಂಬರ್, ರಕ್ತದ ಗುಂಪು ಮಾತ್ರ ಇದ್ದಲ್ಲೇ ಉಳಿದವು. ಅಂದ್ರೆ ಯಾರದೋ ಹೆಸರಿನ ಮುಂದೆ ಯಾರದೋ ನಂಬರ್. ಗೊತ್ತಾಗಿದ್ದು ಒಂಬತ್ತು ದಿನದ ಮೇಲೆ. ಅಷ್ಟರಲ್ಲಿ ಹೊಸ ಹೆಸರು ಸೇರಿತ್ತು, ಹಳೇ ತಾರೀಖು ತಿದ್ದಿಯಾಗಿತ್ತು. ಗೂಗಲ್ ಶೀಟ್‌ನಲ್ಲಿ ಹಳೇ ಆವೃತ್ತಿಗೆ ಹೋಗಬಹುದು ನಿಜ, ಆದ್ರೆ ಹಿಂದಕ್ಕೆ ಹೋದ್ರೆ ಒಂಬತ್ತು ದಿನದ ಕೆಲಸ ಹೋಗುತ್ತೆ.

ಇಲ್ಲೊಂದು ಮಾತು ಸ್ಪಷ್ಟ ಮಾಡ್ಬೇಕು, ಇಲ್ಲಾಂದ್ರೆ ಕೇಳೋರು ಗಾಬರಿ ಆಗ್ತಾರೆ. ಪಟ್ಟಿ ತಪ್ಪಿದ್ರೆ ರೋಗಿಗೆ ತಪ್ಪು ರಕ್ತ ಹೋಗಲ್ಲ. ಬ್ಲಡ್ ಬ್ಯಾಂಕ್‌ನಲ್ಲಿ ದಾನಿಯ ರಕ್ತದ ಗುಂಪು ಮತ್ತೆ ಪರೀಕ್ಷೆ ಮಾಡ್ತಾರೆ, ರೋಗಿಯ ರಕ್ತದ ಜೊತೆ ಹೊಂದುತ್ತಾ ಅಂತಲೂ ನೋಡ್ತಾರೆ. ಆದ್ರೆ ನಡುರಾತ್ರಿ ಮೂವತ್ತು ಕಿಲೋಮೀಟರ್ ಬೈಕ್ ಓಡಿಸ್ಕೊಂಡು ಬಂದ ಹುಡುಗನ ಗುಂಪೇ ಬೇರೆ ಅಂತಾದ್ರೆ? ಆ ಎರಡು ಗಂಟೆ ಯಾರೂ ವಾಪಸ್ ಕೊಡಲ್ಲ. ಆಮೇಲೆ ಆ ಹುಡುಗ ಮತ್ತೆ ಫೋನ್ ಎತ್ತೋದೂ ಅನುಮಾನ.

ನಾನು ಹೋದಾಗ ಅವರು ಆಗಲೇ ತೀರ್ಮಾನ ಮಾಡ್ಬಿಟ್ಟಿದ್ರು, ಆಪ್ ಬೇಕು ಅಂತ. ಲೋಗೋ ರೆಡಿ ಇತ್ತು. ಹದಿನಾಲ್ಕು ಪರದೆಗಳ ಚಿತ್ರ ಬರೆದಿಟ್ಟಿದ್ರು. ನಾನು ಪರದೆ ಪಕ್ಕಕ್ಕಿಟ್ಟು ಶೀಟ್ ತೋರಿಸಿ ಅಂದೆ. ರಕ್ತದ ಗುಂಪಿನ ಕಾಲಂನಲ್ಲಿ "ಓ+", "ಓ ಪಾಸಿಟಿವ್", "ಓ ಪಾಸ್", ಕನ್ನಡದಲ್ಲಿ ಒಂದಷ್ಟು, ಇಂಗ್ಲಿಷಲ್ಲಿ ಒಂದಷ್ಟು. ತಾಲ್ಲೂಕಿನ ಹೆಸರೂ ಹಾಗೇ, ಒಂದೇ ಊರಿಗೆ ಐದು ಕಾಗುಣಿತ. ಹಳೇ ಶಿಬಿರದ ಪಟ್ಟಿ ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿ ಟೈಪ್ ಆಗಿತ್ತು, ಅದನ್ನ ನೇರ ಅಂಟಿಸಿದ್ರಿಂದ ಎಂಬತ್ತು ಸಾಲು ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಗೋಜಲು. ತಾರೀಖಿನ ಕಾಲಂನಲ್ಲಿ 05/08 ಅಂದ್ರೆ ಆಗಸ್ಟ್ ಐದಾ, ಮೇ ಎಂಟಾ, ಬರೆದವರಿಗೇ ಗೊತ್ತಿಲ್ಲ. ನಗಬೇಡಿ. ನಮ್ಮ ದೇಶದ ನಿಯಮದಲ್ಲಿ ಗಂಡಸರು ರಕ್ತ ಕೊಟ್ಟ ಮೇಲೆ 90 ದಿನ, ಹೆಂಗಸರು 120 ದಿನ ಆಗೋವರೆಗೆ ಮತ್ತೆ ಕೊಡೋ ಹಾಗಿಲ್ಲ. ತಾರೀಖು ತಪ್ಪಿದ್ರೆ ಆ ಲೆಕ್ಕಾನೇ ತಪ್ಪುತ್ತೆ.

ಇದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿತ್ತು, ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. "ಕೊನೆಯ ಬಾರಿ ಕೊಟ್ಟ ದಿನ" ಅಂತ ಒಂದೇ ಕಾಲಂ. ಯಾರಾದ್ರೂ ರಕ್ತ ಕೊಟ್ರೆ ಹಳೇ ತಾರೀಖು ಅಳಿಸಿ ಹೊಸದು ಬರೀತಿದ್ರು. ಅಂದ್ರೆ ಒಬ್ಬ ದಾನಿ ಏಳು ಸಲ ಕೊಟ್ಟಿದ್ರೂ ಶೀಟ್‌ಗೆ ನೆನಪಿರೋದು ಒಂದೇ ಸಲ. ಅಳಿಸಿದವರು ತಪ್ಪು ಸಾಲಿನಲ್ಲಿ ಬರೆದಿದ್ರೆ, ಅದು ತಪ್ಪು ಅಂತ ಹೇಳೋಕೆ ಯಾವ ಸಾಕ್ಷಿಯೂ ಇಲ್ಲ.

ಪರಿಹಾರ ತುಂಬಾ ಹಳೇದು, ಕಾಡ್ ಅವರ ಕಾಲದ್ದು. ಒಂದು ಪಟ್ಟಿ ಬೇಡ, ಮೂರು ಟೇಬಲ್ ಮಾಡಿ. ಒಂದರಲ್ಲಿ ದಾನಿಗಳು, ಒಬ್ಬರಿಗೆ ಒಂದೇ ಸಾಲು, ಒಂದು ಗುರುತಿನ ಸಂಖ್ಯೆ. ಎರಡನೇದರಲ್ಲಿ ದಾನಗಳು, ಯಾರೇ ಯಾವಾಗ ಕೊಟ್ಟರೂ ಒಂದು ಹೊಸ ಸಾಲು, ಹಳೇದನ್ನ ಮುಟ್ಟೋದೇ ಇಲ್ಲ. ಮೂರನೇದು ಆಸ್ಪತ್ರೆಯಿಂದ ಬಂದ ಬೇಡಿಕೆಗಳು. ದಾನದ ಸಾಲಿನಲ್ಲಿ ದಾನಿಯ ಹೆಸರನ್ನ ಮತ್ತೆ ಟೈಪ್ ಮಾಡಲ್ಲ, ಮೊದಲ ಟೇಬಲ್‌ಗೆ ಕೊಂಡಿ ಹಾಕ್ತೀರಿ. ಆಗ ಕೊನೆಯ ಬಾರಿ ಕೊಟ್ಟ ದಿನವನ್ನ ಯಾರೂ ಬರೆಯಬೇಕಾಗಿಲ್ಲ. ಆ ದಾನಿಯ ದಾನಗಳಲ್ಲಿ ತೀರಾ ಈಚಿನ ತಾರೀಖು ಯಾವುದು ಅಂತ ಟೂಲೇ ಹುಡುಕುತ್ತೆ, ಅದಕ್ಕೆ 90 ಅಥವಾ 120 ದಿನ ಕೂಡಿಸಿ ಮತ್ತೆ ಯಾವಾಗ ಕೊಡಬಹುದು ಅಂತ ತಾನೇ ತೋರಿಸುತ್ತೆ.

ಇದನ್ನ ಕಾಗದದ ಮೇಲೆ ಬರೆಯೋಕೆ ಒಂದು ಸಂಜೆ ಹಿಡೀತು. ಅವತ್ತು ನಾವು ಯಾವ ಟೂಲನ್ನೂ ತೆರೆಯಲಿಲ್ಲ. ಈ ಕೆಲಸ ಮಾಡದೇ ಆಪ್ ಮಾಡಿದ್ರೆ ಏನಾಗ್ತಿತ್ತು ಗೊತ್ತಾ? ಅದೇ ಗೊಂದಲಕ್ಕೆ ಬಣ್ಣದ ಬಟನ್ ಬರ್ತಿತ್ತು.

ಮೂರು ಟೇಬಲ್ ಆದ ಮೇಲೆ ಆಯ್ಕೆಯ ಪ್ರಶ್ನೆ ಬಂತು. ಅವರಿಗೆ ನಾನು ಕೇಳಿದ್ದು ಒಂದೇ. ಈ ಡೇಟಾವನ್ನ ಮುಟ್ಟೋರು ಯಾರು, ಅವರ ಕೈಯಲ್ಲಿ ಆ ಹೊತ್ತಿಗೆ ಏನಿರುತ್ತೆ? ಕೂತು ಮಾತಾಡಿದಾಗ ಗೊತ್ತಾಯ್ತು, ನಿಜವಾಗಿ ಪಟ್ಟಿ ನೋಡ್ಕೊಳ್ಳೋರು ಇಬ್ಬರೇ. ಆ ಇಬ್ಬರಿಗೆ ಇಡೀ ಚಿತ್ರ ಕಾಣಬೇಕು. ಈ ತಾಲ್ಲೂಕಿನಲ್ಲಿ ಈ ಗುಂಪು, ಅವಧಿ ಮುಗಿದವರು, ಕಳೆದ ಸಲ ಫೋನ್ ಎತ್ತಿದವರು, ಹೀಗೆ ಸೋಸ್ತಾ ಹೋಗ್ಬೇಕು. ಅದು ಟೇಬಲ್ ನೋಡೋ ಕೆಲಸ. ಉಳಿದ ನಲವತ್ತು ಜನ ಸ್ವಯಂಸೇವಕರಿಗೆ ಪಟ್ಟಿ ಬೇಕಾಗೇ ಇಲ್ಲ, ಅವರಿಗೆ ಬೇಕಾಗಿರೋದು ಇವತ್ತು ಕರೆ ಮಾಡಬೇಕಾದ ಐದು ನಂಬರ್. ಅದನ್ನ ಆ ಇಬ್ಬರಲ್ಲಿ ಒಬ್ಬರು ವಾಟ್ಸ್‌ಆಪ್‌ನಲ್ಲಿ ಕಳಿಸ್ತಾರೆ. ಹೊಸ ದಾನಿ ಸೇರೋಕೆ ಒಂದು ಫಾರ್ಮ್, ಕಾಲೇಜಲ್ಲಿ ಕ್ಯೂಆರ್ ಕೋಡ್ ಅಂಟಿಸಿದ್ರೆ ಆಯ್ತು. ರಕ್ತದ ಗುಂಪು, ತಾಲ್ಲೂಕು ಎರಡೂ ಡ್ರಾಪ್‌ಡೌನ್, ಟೈಪ್ ಮಾಡೋ ಅವಕಾಶವೇ ಇಲ್ಲ. ಅಂದ್ರೆ ಅವರಿಗೆ ಆಪ್ ಬೇಕಿರಲಿಲ್ಲ, ಶೀಟ್ ಥರದ ಡೇಟಾಬೇಸ್ ಸಾಕಿತ್ತು. ಅಲ್ಲಿ ಒಂದು ಸಾಲು ಅಂದ್ರೆ ಒಂದು ದಾಖಲೆ. ಹೆಸರಿನ ಪ್ರಕಾರ ಜೋಡಿಸಿದ್ರೆ ಇಡೀ ಸಾಲು ಒಟ್ಟಿಗೆ ಸರಿಯುತ್ತೆ, ಹೆಸರು ಒಂದು ಕಡೆ ನಂಬರ್ ಒಂದು ಕಡೆ ಹೋಗೋ ದಾರಿಯೇ ಇಲ್ಲ.

ಏರ್‌ಟೇಬಲ್ ಅವರಿಗೆ ಆಗಲಿಲ್ಲ, ಕಾರಣ ಸರಳ. ಅದರ ಉಚಿತ ಯೋಜನೆಯಲ್ಲಿ ಒಂದು ಬೇಸ್‌ಗೆ 1,000 ದಾಖಲೆ ಮಿತಿ. ಇವರ ದಾನಿಗಳೇ 1,300, ಅದರ ಮೇಲೆ ದಾನಗಳ ಟೇಬಲ್ ಬೇರೆ. ಕಾಸಿಲ್ಲದ ಗುಂಪು, ಡಾಲರ್ ಕೊಡೋಕಾಗಲ್ಲ. ಹಾಗಾಗಿ ಇನ್ನೂ ಹೆಚ್ಚು ಸಾಲು ಉಚಿತವಾಗಿ ಕೊಡೋ ಒಂದು ಓಪನ್ ಸೋರ್ಸ್ ಟೂಲ್ ಆರಿಸಿದ್ರು. ಸ್ವಂತ ಸರ್ವರ್‌ನಲ್ಲಿ ಹಾಕೋಣ ಅಂತ ಎಂಜಿನಿಯರಿಂಗ್ ಓದ್ತಿರೋ ಹುಡುಗನೊಬ್ಬ ಉತ್ಸಾಹದಲ್ಲಿದ್ದ. ನಾನು ಬೇಡ ಅಂದೆ. ಅವನು ಮುಂದಿನ ವರ್ಷ ಕೆಲಸ ಸಿಕ್ಕಿ ಪುಣೆಗೆ ಹೋದ್ರೆ ಆ ಸರ್ವರ್ ನೋಡೋರು ಯಾರು?

ಹಾಗಾದ್ರೆ ಆಪ್ ಬಿಲ್ಡರ್ ಯಾರಿಗೆ? ಬೆಂಗಳೂರಿನ ಹೊರವಲಯದಲ್ಲಿ ವಾಟರ್ ಕ್ಯಾನ್ ವ್ಯಾಪಾರ ಮಾಡೋ ಒಬ್ಬ ಕೇಳುಗರಿದ್ದಾರೆ, ಇಪ್ಪತ್ತಾರು ವಯಸ್ಸು. ಏಳು ಜನ ಹುಡುಗರು ಗಾಡಿಯಲ್ಲಿ ಕ್ಯಾನ್ ಹಾಕ್ತಾರೆ. ಪ್ರತಿ ಮನೆಯಲ್ಲೂ ಮೂರೇ ವಿಷಯ: ತುಂಬಿದ ಕ್ಯಾನ್ ಎಷ್ಟು ಕೊಟ್ಟೆ, ಖಾಲಿ ಎಷ್ಟು ವಾಪಸ್ ಬಂತು, ದುಡ್ಡು ಎಷ್ಟು. ಅವರ ಕಷ್ಟ ನೀರಿನ ದುಡ್ಡಲ್ಲ, ಖಾಲಿ ಕ್ಯಾನ್. ಯಾವ ಮನೆಯಲ್ಲಿ ಎಷ್ಟು ಕ್ಯಾನ್ ಕೂತಿದೆ ಅಂತ ಲೆಕ್ಕ ಸಿಗಲ್ಲ. ತಿಂಗಳಿಗೆ ಹದಿನೈದು ಇಪ್ಪತ್ತು ಕ್ಯಾನ್ ಮಾಯ ಅಂತಾರೆ.

ಇವರು ಮೊದಲು ಹುಡುಗರಿಗೆಲ್ಲ ಶೀಟ್ ಹಂಚಿದ್ರು. ಊಹಿಸ್ಕೊಳ್ಳಿ, ಹೆಗಲ ಮೇಲೆ ಇಪ್ಪತ್ತು ಲೀಟರ್, ಇನ್ನೊಂದು ಕೈಯಲ್ಲಿ ಫೋನ್, ಬೆರಳಷ್ಟು ಅಗಲದ ಪರದೆಯಲ್ಲಿ ಇನ್ನೂರ ಹನ್ನೆರಡನೇ ಸಾಲು ಹುಡುಕಿ ಎಂಟನೇ ಕಾಲಂನಲ್ಲಿ 2 ಅಂತ ಬರೀಬೇಕು. ಯಾರು ಬರೀತಾರೆ? ಸಂಜೆ ಗೋಡೌನ್‌ಗೆ ಬಂದು ನೆನಪಿನಿಂದ ತುಂಬಿಸ್ತಿದ್ರು. ಇಲ್ಲಿ ಆಪ್ ಬೇಕು. ತೆರೆದ ತಕ್ಷಣ ಇವತ್ತಿನ ಮನೆಗಳು ಮಾತ್ರ, ಮನೆ ಒತ್ತಿದ್ರೆ ಮೂರು ದೊಡ್ಡ ಅಂಕಿ, ಒಂದು ಸೇವ್ ಬಟನ್, ಮುಗೀತು. ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್‌ಗೆ ಇಳಿದ್ರೆ ನೆಟ್‌ವರ್ಕ್ ಸಿಗಲ್ಲ, ಆಗ ಫೋನ್‌ನಲ್ಲೇ ಉಳಿಸ್ಕೊಂಡು ಮೇಲೆ ಬಂದ ಮೇಲೆ ಕಳಿಸಬೇಕು. ಆಪ್‌ಶೀಟ್‌ನಂಥವು ಇದನ್ನ ಮಾಡ್ತವೆ, ಏರ್‌ಟೇಬಲ್‌ಗೆ ಇಂಟರ್‌ನೆಟ್ ಬೇಕೇ ಬೇಕು. ನಿಮ್ಮ ಕೆಲಸ ಬೇಸ್‌ಮೆಂಟ್‌ನಲ್ಲಿ, ತೋಟದಲ್ಲಿ, ಘಾಟಿಯಲ್ಲಿ ಅಂತಾದ್ರೆ ಈ ಒಂದೇ ಕಾರಣಕ್ಕೆ ತೀರ್ಮಾನ ಆಗಿಹೋಗಬಹುದು.

ಆದ್ರೆ ಇಂಟರ್‌ನೆಟ್ ಇಲ್ಲದೆ ಕೆಲಸ ಮಾಡೋದರಲ್ಲಿ ಒಂದು ಹಳ್ಳ ಇದೆ, ಯಾರೂ ಹೇಳಲ್ಲ. "ಈ ಮನೆಯಲ್ಲಿರೋ ಕ್ಯಾನ್: 4" ಅಂತ ಒಂದೇ ಅಂಕಿ ಇಟ್ಟಿದ್ದೀರಿ ಅನ್ಕೊಳ್ಳಿ. ಬೆಳಿಗ್ಗೆ ಒಬ್ಬ ಹುಡುಗ ಅದನ್ನ 5 ಮಾಡ್ತಾನೆ, ಅವನ ಫೋನ್ ಇನ್ನೂ ಕಳಿಸಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಅದೇ ಮನೆಯಿಂದ ಎರಡು ಖಾಲಿ ತಂದು 2 ಮಾಡ್ತಾನೆ. ಯಾವ ಫೋನ್ ಕೊನೆಗೆ ಕಳಿಸುತ್ತೋ ಅದೇ ಉಳಿಯುತ್ತೆ, ಇನ್ನೊಬ್ಬನದು ಹೋಯ್ತು. ಇಲ್ಲೂ ರಕ್ತದಾನದ ಪಟ್ಟಿಯ ಮದ್ದೇ ಬೇಕು. ಅಂಕಿ ತಿದ್ದಬೇಡಿ, ಹೊಸ ಸಾಲು ಸೇರಿಸಿ. ಒಬ್ಬ "ಒಂದು ಕೊಟ್ಟೆ" ಅಂತ ಒಂದು ಸಾಲು, ಇನ್ನೊಬ್ಬ "ಎರಡು ತಂದೆ" ಅಂತ ಇನ್ನೊಂದು ಸಾಲು. ಯಾವ ಕ್ರಮದಲ್ಲಿ ಬಂದ್ರೂ ಕೂಡಿ ಕಳೆದ್ರೆ 3 ಸರಿಯಾಗೇ ಬರುತ್ತೆ. ನಮ್ಮ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿದ್ದೀರಲ್ಲ, ಅಲ್ಲಿ ಶೆಟ್ರು ಬಾಕಿಯನ್ನ ಅಳಿಸಿ ಬರೆಯಲ್ಲ, ಕೆಳಗೆ ಸೇರಿಸ್ತಾ ಹೋಗ್ತಾರೆ. ಅಷ್ಟೇ.

ದುಡ್ಡಿನ ವಿಷಯ. ದರಗಳು ವರ್ಷಕ್ಕೊಮ್ಮೆ ಬದಲಾಗ್ತವೆ, ಅಂಕಿಗಿಂತ ಅದರ ರೀತಿ ನೋಡಿ. ಶೀಟ್ ಥರದ ಟೂಲ್‌ಗಳು ಸಾಮಾನ್ಯವಾಗಿ ತಿದ್ದುವವರಿಗೆ ತಲೆಗಿಷ್ಟು ಅಂತ ದುಡ್ಡು ಕೇಳ್ತವೆ, ಜೊತೆಗೆ ಸಾಲುಗಳಿಗೆ ಮಿತಿ ಹಾಕ್ತವೆ. ಸುಮ್ಮನೆ ನೋಡೋರಿಗೆ, ಫಾರ್ಮ್ ತುಂಬೋರಿಗೆ ಹೆಚ್ಚಾಗಿ ದುಡ್ಡಿಲ್ಲ. ಆಪ್ ಬಿಲ್ಡರ್‌ಗಳು ಬಳಸೋ ಪ್ರತಿಯೊಬ್ಬರನ್ನೂ ಎಣಿಸ್ತವೆ. ತಲೆಗೆ ತಿಂಗಳಿಗೆ 5 ಡಾಲರ್ ಅಂತ ಹಿಡ್ಕೊಂಡ್ರೆ, ಕ್ಯಾನ್ ವ್ಯಾಪಾರಿಗೆ ಏಳು ಹುಡುಗರಿಗೆ 35 ಡಾಲರ್, ಸುಮಾರು ಮೂರು ಸಾವಿರ ರೂಪಾಯಿ. ಮಾಯ ಆಗ್ತಿರೋ ಕ್ಯಾನ್‌ಗಳ ಬೆಲೆಯ ಮುಂದೆ ಇದು ಗಿಟ್ಟುತ್ತೆ. ಅದೇ ರಕ್ತದಾನದ ಗುಂಪಿಗೆ ನಲವತ್ತು ಜನ ಅಂದ್ರೆ 200 ಡಾಲರ್, ಅವರು ಕನಸಲ್ಲೂ ಕೊಡಲಾರರು. ಇನ್ನೊಂದು ಮಾತು, ಆಪ್‌ಶೀಟ್‌ನಂಥವು ಹತ್ತು ಜನರ ತನಕ ಉಚಿತ ಅಂತಾವಲ್ಲ, ಅದು ಪರೀಕ್ಷೆ ಮಾಡಿ ನೋಡೋಕೆ ಅಂತ. ವ್ಯಾಪಾರ ಅದರ ಮೇಲೆ ಕಟ್ಟಬೇಡಿ.

ಇನ್ನು ನನಗೆ ನಿಜವಾಗಲೂ ಕಾಳಜಿ ಇರೋ ವಿಷಯ. 1,300 ಜನರ ಹೆಸರು, ಫೋನ್ ನಂಬರ್, ಊರು. ಅದರಲ್ಲಿ ಅರ್ಧದಷ್ಟು ಹುಡುಗಿಯರು. ಹಳೇ ಶೀಟ್‌ನ ಲಿಂಕ್ ಇದ್ದ ಯಾರು ಬೇಕಾದ್ರೂ ಅದನ್ನ ನೋಡಬಹುದಿತ್ತು, ಲಿಂಕ್ ಎಷ್ಟು ವಾಟ್ಸ್‌ಆಪ್ ಗುಂಪುಗಳಲ್ಲಿ ತಿರುಗಿದೆಯೋ ದೇವರಿಗೇ ಗೊತ್ತು. ಕೆಲವು ದಾನಿಗಳಿಗೆ ರಾತ್ರಿ ಹೊತ್ತು ರಕ್ತಕ್ಕೆ ಸಂಬಂಧ ಇಲ್ಲದ ಮೆಸೇಜು ಬರೋಕೆ ಶುರುವಾಗಿತ್ತು. ಒಬ್ಬಾಕೆ ಪಟ್ಟಿಯಿಂದ ಹೆಸರು ತೆಗೆಸಿಬಿಟ್ಳು. ಬಿ ನೆಗೆಟಿವ್ ಆಕೆ.

ಆಗ ಗುಂಪಿನವರು ಮಾಡಿದ್ದು ಫೋನ್ ನಂಬರ್ ಕಾಲಂ ಅಡಗಿಸಿದ್ದು. ಅಡಗಿಸೋದು ಬೀಗ ಹಾಕಿದ ಹಾಗಲ್ಲ, ಪರದೆ ಎಳೆದ ಹಾಗೆ. ಶೀಟ್‌ನ ಪ್ರತಿ ಮಾಡ್ಕೊಂಡ್ರೆ ಅಡಗಿಸಿದ ಕಾಲಂ ಮತ್ತೆ ತೆರೆಯಬಹುದು. ಆಪ್ ಬಿಲ್ಡರ್‌ನಲ್ಲೂ ಇದೇ ಎಚ್ಚರ ಬೇಕು. ಪರದೆಯ ಮೇಲೆ ಕಾಣಿಸ್ತಿಲ್ಲ ಅಂದ ಮಾತ್ರಕ್ಕೆ ಡೇಟಾ ಫೋನ್‌ಗೆ ಬಂದಿಲ್ಲ ಅಂತಲ್ಲ. 2021ರ ಆಗಸ್ಟ್‌ನಲ್ಲಿ ಅಪ್‌ಗಾರ್ಡ್ ಅನ್ನೋ ಭದ್ರತಾ ಸಂಸ್ಥೆ ಒಂದು ವಿಷಯ ಬಯಲು ಮಾಡ್ತು. ಮೈಕ್ರೋಸಾಫ್ಟ್ ಪವರ್ ಆಪ್ಸ್‌ನಲ್ಲಿ ಕಟ್ಟಿದ ಹಲವು ಪೋರ್ಟಲ್‌ಗಳಿಂದ 3.8 ಕೋಟಿ ದಾಖಲೆಗಳು ಯಾರು ಬೇಕಾದ್ರೂ ನೋಡೋ ಹಾಗೆ ತೆರೆದುಕೊಂಡಿದ್ದವು. ಯಾರೂ ಕನ್ನ ಹಾಕಿರಲಿಲ್ಲ. ಟೇಬಲ್‌ಗೆ ಅನುಮತಿ ಬೇಕು ಅನ್ನೋ ಸೆಟ್ಟಿಂಗ್ ಆಗ ಮೊದಲಿಂದಲೇ ಆನ್ ಇರ್ತಿರಲಿಲ್ಲ, ಕಟ್ಟಿದವರು ಆನ್ ಮಾಡಿರಲಿಲ್ಲ. ದೊಡ್ಡ ಕಂಪನಿಗಳು, ಅಮೆರಿಕದ ಕೆಲವು ಸರ್ಕಾರಿ ಇಲಾಖೆಗಳೂ ಆ ಪಟ್ಟಿಯಲ್ಲಿದ್ದವು. ಆಮೇಲೆ ಮೈಕ್ರೋಸಾಫ್ಟ್ ಆ ಸೆಟ್ಟಿಂಗನ್ನ ಬದಲಿಸ್ತು.

ಹಾಗಾಗಿ ಆಪ್‌ಶೀಟ್ ಬಳಸೋರು ಎರಡು ಕೆಲಸ ಮಾಡಿ. ಹಿಂದಿರೋ ಗೂಗಲ್ ಶೀಟ್‌ನ್ನ ಹುಡುಗರ ಜೊತೆ ಹಂಚಬೇಡಿ, ಆಪ್ ಮಾತ್ರ ಹಂಚಿ. ಮತ್ತೆ ಸೆಕ್ಯುರಿಟಿ ಫಿಲ್ಟರ್ ಅಂತ ಇರುತ್ತೆ, ಅದನ್ನ ಹಾಕಿದ್ರೆ ಅವರವರಿಗೆ ಸಂಬಂಧಪಟ್ಟ ಸಾಲು ಮಾತ್ರ ಅವರ ಫೋನ್‌ಗೆ ಹೋಗುತ್ತೆ. ಶೀಟ್ ಥರದ ಟೂಲ್ ಬಳಸೋರು ತಿದ್ದೋ ಹಕ್ಕು ಬೆರಳೆಣಿಕೆ ಜನರಿಗೆ ಕೊಡಿ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೂರಣ ಇಷ್ಟೇ: ಯಾಕೆ ತಗೋತಿದ್ದೀರಿ ಅಂತ ಹೇಳಿ, ಒಪ್ಪಿಗೆ ಪಡೀರಿ, ಹೇಳಿದ ಕೆಲಸಕ್ಕೆ ಮಾತ್ರ ಬಳಸಿ, ಬೇಡ ಅಂದ್ರೆ ತೆಗೀರಿ. ಆ ಗುಂಪಿನ ಹೊಸ ಫಾರ್ಮ್‌ನಲ್ಲಿ ಈಗ ಒಂದು ಸಾಲು ಸೇರಿದೆ, ನಿಮ್ಮ ನಂಬರ್ ಯಾರ ಕೈಗೆ ಹೋಗುತ್ತೆ ಅಂತ. ಬೇಡ ಅನ್ನೋಕೂ ಒಂದು ದಾರಿ ಇದೆ.

ಟೂಲ್‌ಗಳೇ ಸತ್ತುಹೋಗ್ತವೆ, ಅದೂ ನೆನಪಿರಲಿ. ಗೂಗಲ್‌ನದೇ ಆಪ್ ಮೇಕರ್ ಅಂತ ಒಂದು ಲೋ-ಕೋಡ್ ಟೂಲ್ ಇತ್ತು, 2021ರ ಜನವರಿಯಲ್ಲಿ ನಿಲ್ಲಿಸಿದ್ರು. ಅಮೆಜಾನ್ 2020ರಲ್ಲಿ ಹನಿಕೋಡ್ ಅಂತ ತಂತು, 2024ರ ಫೆಬ್ರವರಿ ಕೊನೆಗೆ ಬಾಗಿಲು ಹಾಕ್ತು. ಇಂಥ ಹೊತ್ತಲ್ಲಿ ಡೇಟಾ ಹೇಗೋ ಹೊರಗೆ ತೆಗೀಬಹುದು, ಆದ್ರೆ ನೀವು ಕಟ್ಟಿದ ಪರದೆ, ಬಟನ್, ನಿಯಮ ಯಾವುದೂ ಬೇರೆ ಟೂಲ್‌ಗೆ ಹಾಗೇ ಹೋಗಲ್ಲ. ಅದಕ್ಕೇ ನನ್ನ ಒಲವು ಪರದೆ ಕಡಿಮೆ ಇರಲಿ ಅನ್ನೋ ಕಡೆಗೆ. ಹದಿನಾಲ್ಕು ಪರದೆ ಕಟ್ಟಿದ್ರೆ ಹದಿನಾಲ್ಕು ಮತ್ತೆ ಕಟ್ಟಬೇಕು.

"ಈಗ ಎಐ ಇದೆಯಲ್ಲ, ಹೇಳಿದ್ರೆ ಆಪ್ ಮಾಡ್ಕೊಡುತ್ತೆ, ಇದೆಲ್ಲ ಯಾಕೆ?" ಅಂತ ನಿಮ್ಮಲ್ಲಿ ಕೆಲವರು ಆಗಲೇ ಟೈಪ್ ಮಾಡ್ತಿರಬಹುದು. ಮಾಡ್ಕೊಡುತ್ತೆ, ನಾನೂ ಮಾಡಿಸಿ ನೋಡಿದ್ದೀನಿ, ಚೆನ್ನಾಗೇ ಮಾಡುತ್ತೆ. ಆದ್ರೆ "ಕೊನೆಯ ಬಾರಿ ಕೊಟ್ಟ ದಿನ ಅಂತ ಒಂದು ಕಾಲಂ ಇಡು" ಅಂದ್ರೆ ಅದು ಮರುಮಾತಿಲ್ಲದೆ ಇಡಬಹುದು. ಆರು ತಿಂಗಳ ಮೇಲೆ ಏನೋ ಕೆಟ್ಟರೆ ಆ ಕೋಡ್ ಓದೋರು ಬೇಕು. ನಿಮ್ಮ ಗುಂಪಿನಲ್ಲಿ ಅಂಥವರು ಇದ್ರೆ ಧಾರಾಳವಾಗಿ ಮಾಡಿ.

ಹೋಗೋ ಮುಂಚೆ, ಈ ವಾರಾಂತ್ಯಕ್ಕೆ ಒಂದು ಕೆಲಸ ಹೇಳ್ತೀನಿ. ನೀವು ಬದಲಾಗ್ಬೇಕು ಅಂತಿರೋ ಟೂಲ್‌ನಲ್ಲಿ ಇಪ್ಪತ್ತು ಸಾಲು ಮಾತ್ರ ಹಾಕಿ. ಬೇಕಂತಲೇ ಕೆಟ್ಟ ಸಾಲುಗಳನ್ನೇ ಆರಿಸಿ, ಎರಡು ಫೋನ್ ನಂಬರ್ ಇರೋರು, ಕನ್ನಡದಲ್ಲಿ ಹೆಸರು ಬರೆದವರು, ತಾರೀಖು ಗೊತ್ತಿಲ್ಲದವರು. ಆಮೇಲೆ ಅದನ್ನ ದಿನಾ ಬಳಸಬೇಕಾದ ವ್ಯಕ್ತಿಯ ಕೈಗೆ ಅವರದೇ ಫೋನ್ ಕೊಟ್ಟು, ಏನೂ ಹೇಳಿಕೊಡದೆ ಒಂದು ಸಾಲು ಸೇರಿಸಿ ಅನ್ನಿ. ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿ. ಕೊನೆಗೆ ಎಲ್ಲವನ್ನೂ ಸಿಎಸ್‌ವಿ ಫೈಲ್ ಆಗಿ ಹೊರತೆಗೆದು ನಿಮ್ಮ ಹಳೇ ಗೂಗಲ್ ಶೀಟ್‌ನಲ್ಲಿ ತೆರೀರಿ. ಕನ್ನಡ ಹೆಸರು ಹಾಗೇ ಇದೆಯಾ, ತಾರೀಖು ತಲೆಕೆಳಗಾಗಿಲ್ಲ ತಾನೇ, ಯಾವ ದಾನ ಯಾವ ದಾನಿಯದ್ದು ಅನ್ನೋ ಕೊಂಡಿ ಉಳಿದಿದೆಯಾ ನೋಡಿ. ಹೊರಗೆ ಸರಿಯಾಗಿ ಬರ್ತಿಲ್ಲ ಅಂದ್ರೆ ಆ ಟೂಲ್ ಬೇಡ, ಎಷ್ಟೇ ಚಂದ ಇರಲಿ.

ಬರೆದ ಟೇಬಲ್‌ಗಳ ಫೋಟೋ ತೆಗೆದು ಕಳಿಸಿ, ಕಾಗದದ ಮೇಲಿದ್ರೂ ಪರವಾಗಿಲ್ಲ. ಆದ್ರೆ ದಯವಿಟ್ಟು ನಿಜವಾದ ಫೋನ್ ನಂಬರ್ ಇರೋ ಶೀಟ್‌ನ ಲಿಂಕ್ ನನಗೆ ಕಳಿಸಬೇಡಿ, ಈ ತಿಂಗಳು ಆಗಲೇ ನಾಲ್ಕು ಬಂದಿವೆ. ಮುಂದಿನ ವಾರ ಸಿಗೋಣ, ನಮಸ್ಕಾರ.